ಕಾರ್ಕಳದ ಮರಕ್ಕೆ ಕಾರ್ಕಳದ ಉಳಿ

ಒಂದು ನಾಡು ತನ್ನ ಹುಟ್ಟುವಳಿಯನ್ನು ಯಾವ ರೂಪದಲ್ಲಿ ಗಡಿಯಾಚೆ ಕಳುಹಿಸುವುದೋ ಅದರಿಂದ ಆ ನಾಡಿನ ಸ್ಥಿತಿಯನ್ನು ಅಳೆಯಬಹುದು. ಹತ್ತಿಯನ್ನು ಮಾರಿ ಬಟ್ಟೆಯನ್ನು ಕೊಳ್ಳುವ ಜನಾಂಗವು ಪರಾಧೀನವಾದುದೆಂಬ ಪಾಠವನ್ನು ಸ್ವದೇಶೀ ಚಳವಳಿಯು ನಮಗೆ ಕಲಿಸಿತು. ಆದರೆ ಮರದ ವಿಷಯದಲ್ಲಿ ಆ ಪಾಠವು ನಮಗೆ ಇನ್ನೂ ಮನದಟ್ಟಾದಂತೆ ತೋರುವುದಿಲ್ಲ. ಕಾರ್ಕಳದ ಸುತ್ತಣ ಹಳ್ಳಿಗಳಲ್ಲಿ ಕಡಿದ ಅಕೇಶಿಯಾ ಮರವು ಸೌದೆಯಾಗಿಯೋ ಕಾಗದದ ತಿರುಳಿಗಾಗಿಯೋ ತೂಕದ ಲೆಕ್ಕದಲ್ಲಿ ಹೋಗುತ್ತದೆ. ಹಾಲು ಬತ್ತಿದ ರಬ್ಬರು ಮರದ ದಿಮ್ಮಿಗಳು ಲಾರಿಗಳಲ್ಲಿ ತೆಂಕಣಕ್ಕೆ ಸಾಗಿ ಕೇರಳದ ಪೆರುಂಬಾವೂರಿನಂತಹ ಊರುಗಳಲ್ಲಿ ಪದರ ಹಲಗೆಗಳಾಗುತ್ತವೆ. ಅದೇ ವೇಳೆಯಲ್ಲಿ ನಮ್ಮ ಪೇಟೆಯ ಅಂಗಡಿಗಳಲ್ಲಿ ಎಲ್ಲಿಂದಲೋ ಬಂದ ಹೊಟ್ಟುಹಲಗೆಯ ಮಂಚಗಳೂ ಕಪಾಟುಗಳೂ ಮಾರಾಟಕ್ಕೆ ನಿಂತಿರುತ್ತವೆ. ಎರಡು ಮಳೆಗಾಲ ಕಳೆಯುವುದರೊಳಗೆ ಅವು ನೀರು ಕುಡಿದು ಉಬ್ಬುತ್ತವೆ. ಅಂಗೈಯಲ್ಲಿ ಬೆಣ್ಣೆಯನ್ನಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರೆಂಬ ಗಾದೆಯು ನಮ್ಮನ್ನು ಕಂಡೇ ಹುಟ್ಟಿತೋ ಎಂಬಂತಿದೆ.

ಮರದ ಉದ್ಯಮವು ಸೊರಗಿದೆಯೆಂಬ ದೂರನ್ನು ಈ ಭಾಗದ ಮಿಲ್ಲಿನ ಯಜಮಾನರಿಂದಲೂ ಬಡಗಿಗಳಿಂದಲೂ ಮರ ಬೆಳೆದ ರೈತರಿಂದಲೂ ನಾವು ಕೇಳುತ್ತಲೇ ಇದ್ದೇವೆ. ಇದಕ್ಕೆ ಸಾಮಾನ್ಯವಾಗಿ ಸೂಚಿಸಲ್ಪಡುವ ಪರಿಹಾರವು ಒಂದೇ: ಇನ್ನಷ್ಟು ಮರ ಬೇಕು, ಕಾಡಿನ ಬಾಗಿಲನ್ನು ತೆರೆಯಬೇಕು ಎಂಬುದು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ಕೊರತೆಯಿರುವುದು ಮರಕ್ಕಲ್ಲ, ಮರದ ಮೇಲೆ ನಡೆಯುವ ಕೆಲಸಕ್ಕೆ. ಒಂದು ಮರದಿಂದ ಇಂದು ಎಷ್ಟು ಹಣವೂ ಎಷ್ಟು ದಿನದ ಕೂಲಿಯೂ ಈ ತಾಲೂಕಿನಲ್ಲಿ ಉಳಿಯುತ್ತವೆ, ಎಷ್ಟು ಉಳಿಯಬಹುದಾಗಿತ್ತು ಎಂಬುದೇ ನಿಜವಾದ ಪ್ರಶ್ನೆ.

ಕಾರ್ಕಳಕ್ಕೆ ಈ ಪ್ರಶ್ನೆಯ ಅರ್ಥವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕರಿಕಲ್ಲಿನ ಈ ಊರು ಕಲ್ಲಿನ ವಿಷಯದಲ್ಲಿ ಅದನ್ನು ಶತಮಾನಗಳ ಹಿಂದೆಯೇ ತಿಳಿದಿತ್ತು. ೧೪೩೨ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಸುಮಾರು ೪೨ ಅಡಿಯ ಗೊಮ್ಮಟಮೂರ್ತಿಯೂ ೧೫೮೬ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯೂ ಅದಕ್ಕೆ ಸಾಕ್ಷಿ. ನಮ್ಮ ಕಾಲಕ್ಕೆ ಬಂದರೆ, ಧರ್ಮಸ್ಥಳದಲ್ಲಿ ೧೯೮೨ರಲ್ಲಿ ಪ್ರತಿಷ್ಠೆಗೊಂಡ ೩೯ ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಡೆದುದು ಕಾರ್ಕಳದಲ್ಲಿಯೇ. ಆ ಬಂಡೆಯನ್ನು ಜಲ್ಲಿಯಾಗಿ ಒಡೆದು ಮಾರಿದ್ದರೆ ಒಂದು ರಸ್ತೆಯ ಕೆಲವು ಗಜಗಳಿಗೆ ಸಾಕಾಗುತ್ತಿತ್ತು. ಉಳಿಯು ತಾಗಿದ ಮೇಲೆ ಅದಕ್ಕೆ ಲಕ್ಷಾಂತರ ಜನರು ಕೈ ಮುಗಿಯುತ್ತಾರೆ. ಕಲ್ಲಿಗೆ ಸಲ್ಲುವ ಈ ನ್ಯಾಯವು ಮರಕ್ಕೇಕೆ ಸಲ್ಲಬಾರದು?

ಮರದ ಕುಶಲತೆಯೂ ಈ ಸೀಮೆಗೆ ಹೊಸತಲ್ಲ. ನೆರೆಯ ಮೂಡಬಿದಿರೆಯ ಚೌಟರ ಅರಮನೆಯ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರವನ್ನೂ, ಐವರು ಸೇರಿ ಕುದುರೆಯಾದ ಪಂಚನಾರೀತುರಗವನ್ನೂ ಕೊರೆದ ಕೈಗಳು ತುಳುನಾಡಿನವೇ. ಉಡುಪಿಯ ಸಮೀಪದ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನಕ್ಕೆ ಸೇರಿದ ಆಳೆತ್ತರದ ಮರದ ದೈವಮೂರ್ತಿಗಳಲ್ಲಿ ಹಲವು ಇಂದು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಊರೂರಿನ ರಥಗಳ ಗಾಲಿಗೂ ಅಚ್ಚಿಗೂ ಕಿರಾಲ್‌ಬೋಗಿ, ದೈವದ ಮೊಗಕ್ಕೂ ಮನೆಯ ಬಾಗಿಲಿಗೂ ಹಲಸು, ದೋಣಿಗೆ ಹೆಬ್ಬಲಸು, ನೇಗಿಲಿಗೊಂದು, ಒನಕೆಗೊಂದು ಎಂದು ಮರದ ಗುಣವನ್ನು ಮುಟ್ಟಿ ಹೇಳಬಲ್ಲ ಆಚಾರಿಗಳು ನಮ್ಮಲ್ಲಿ ಇನ್ನೂ ಇದ್ದಾರೆ. ಹಳೆಯ ಮರದ ಮನೆಗಳನ್ನು ಜನರು ಕೆಡವಿ ಕಂಬಗಳನ್ನು ಹಳೆಸಾಮಾನಿನ ವರ್ತಕರಿಗೆ ಮಾರುತ್ತಿದ್ದ ಕಾಲದಲ್ಲಿ, ವಿಜಯನಾಥ ಶೆಣೈಯವರು ಅಂತಹ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮಣಿಪಾಲದಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸಿದರು. ಅವರ ಹಸ್ತಶಿಲ್ಪ ಗ್ರಾಮವನ್ನು ನೋಡಿದವರಿಗೆ ನಾವು ಏನನ್ನು ಕಳೆದುಕೊಂಡೆವೆಂಬುದು ತಿಳಿಯದಿರದು.

ಇಷ್ಟಿದ್ದೂ ಮರವು ಇಲ್ಲಿ ಸೌದೆಯ ಮಟ್ಟಕ್ಕೆ ಇಳಿದುದು ಹೇಗೆ? ಅದಕ್ಕೊಂದು ಇತಿಹಾಸವಿದೆ. ಕಂಪೆನಿಯ ಆಳಿಕೆಯು ಬಂದಾಗ ಕನ್ನಡ ಜಿಲ್ಲೆಯ ತೇಗವು ಮುಂಬಯಿಯ ಹಡಗುಕಟ್ಟೆಗೆ ಹೋಯಿತು. ತರುವಾಯ ರೈಲಿನ ಹಳಿಗಳ ಕೆಳಗಣ ಅಡ್ಡದಿಮ್ಮಿಗಳಾಯಿತು. ೧೮೬೨ರಲ್ಲಿ ಕನ್ನಡ ಜಿಲ್ಲೆಯ ಬಡಗು ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿ ತೆಂಕು ಭಾಗವನ್ನು ಮದರಾಸಿಗೆ ಉಳಿಸಿಕೊಂಡರು. ಒಂದೇ ಮಲೆಯ ಮರವು ಎರಡು ಸರಕಾರಗಳ ಆದಾಯವಾಯಿತು. ಎರಡರ ರಾಜಧಾನಿಯೂ ಕನ್ನಡದ ನೆಲದಲ್ಲಿರಲಿಲ್ಲ. ೧೮೬೫ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಆ ಉದ್ಯಮವು ನಾಡಿಗೆ ಹೆಸರನ್ನೂ ಕೂಲಿಯನ್ನೂ ತಂದಿತೆಂಬುದು ನಿಜ. ಆದರೆ ಅದರ ಗೂಡುಗಳು ದಶಕಗಳ ಕಾಲ ಮಲೆಯ ಮರವನ್ನು ಸೌದೆಯಾಗಿ ನುಂಗಿದುದೂ ಅಷ್ಟೇ ನಿಜ.

ಸ್ವರಾಜ್ಯವು ಬಂದ ಮೇಲೆಯೂ ಈ ಲೆಕ್ಕಾಚಾರವು ಬಹುಕಾಲ ಬದಲಾಗಲಿಲ್ಲ. ದಾಂಡೇಲಿಯಲ್ಲಿ ೧೯೫೫ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಸರಕಾರವು ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಅದೇ ಬಿದಿರಿನಿಂದ ಬುಟ್ಟಿ ಹೆಣೆಯುವ ಮೇದರಿಗೆ ಸಂತೆಯ ದರವೇ ಗತಿಯಾಗಿತ್ತು. ಕೈಕೆಲಸದವನಿಗೆ ದುಬಾರಿ, ಕಾರ್ಖಾನೆಗೆ ಬಿಟ್ಟಿ ಎಂಬ ಈ ನೀತಿಯನ್ನು ೧೯೮೮ರ ರಾಷ್ಟ್ರೀಯ ಅರಣ್ಯ ನೀತಿಯು ಬರಹದಲ್ಲಾದರೂ ಕೈಬಿಟ್ಟಿತು. ರಿಯಾಯಿತಿ ದರದ ಪೂರೈಕೆಯು ನಿಲ್ಲಬೇಕು, ಕೈಗಾರಿಕೆಗಳು ತಮಗೆ ಬೇಕಾದ ಮರವನ್ನು ರೈತರ ನೆರವಿನಿಂದ ಬೆಳೆಸಿಕೊಳ್ಳಬೇಕು ಎಂದು ಅದು ವಿಧಿಸಿತು. ೧೯೯೬ರ ದಶಂಬರ ೧೨ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆಯಿಂದ ಕಾಡಿನ ಕಡಿತಕ್ಕೂ ಪರವಾನಿಗೆಯಿಲ್ಲದ ಮಿಲ್ಲುಗಳಿಗೂ ಬಲವಾದ ತಡೆಯುಂಟಾಯಿತು.

ಈ ತಡೆಯನ್ನು ಶಪಿಸುವವರೊಡನೆ ನಾವು ದನಿಗೂಡಿಸುವುದಿಲ್ಲ. ಕಾರ್ಕಳದ ಮೂಡಣಕ್ಕೆ ನಿಂತಿರುವ ಕುದುರೆಮುಖದ ಮಲೆಯು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ೨೦೦೫ರ ಕೊನೆಗೆ ಅಲ್ಲಿಯ ಕಬ್ಬಿಣದ ಗಣಿಯು ನಿಂತಿತು. ೨೦೧೨ರಲ್ಲಿ ಪಶ್ಚಿಮ ಘಟ್ಟಗಳು ಜಗತ್ತಿನ ಪರಂಪರೆಯ ತಾಣವೆಂದು ಮನ್ನಣೆ ಪಡೆದವು. ನಮ್ಮ ಹೊಳೆಗಳ ತಲೆಯಿರುವುದು ಆ ಕಾಡಿನಲ್ಲಿ. ಅದನ್ನು ಕಡಿದು ಕುರ್ಚಿ ಮಾಡಿಸಿಕೊಂಡರೆ ಕುಳಿತು ಕುಡಿಯಲು ನೀರು ದೊರೆಯದು. ಆದಕಾರಣ ಸಹಜವಾದ ಕಾಡು ಉದ್ಯಮದ ಲೆಕ್ಕದಿಂದ ಹೊರಗೆ ಉಳಿಯತಕ್ಕದ್ದು ಎಂಬುದು ನಮ್ಮ ಮೊದಲನೆಯ ಮಾತು.

ಹಾಗಾದರೆ ಮರವು ಬರುವುದೆಲ್ಲಿಂದ? ನಮ್ಮ ಹಿತ್ತಿಲುಗಳಿಂದ, ಕುಮ್ಕಿಯ ಅಂಚಿನಿಂದ, ತೋಟದ ಬೇಲಿಯಿಂದ. ಈ ಸೀಮೆಯಲ್ಲಿ ಹಲಸು, ಮಾವು, ಮತ್ತಿ, ತೇಗಗಳಿಲ್ಲದ ಹಿಡುವಳಿಗಳು ವಿರಳ. ೧೯೮೦ರ ದಶಕದಿಂದ ಬೋಳುಗುಡ್ಡಗಳ ಮೇಲೆ ಅರಣ್ಯ ಇಲಾಖೆಯು ನೆಡಿಸಿದ ಅಕೇಶಿಯಾ ನೆಡುತೋಪುಗಳಿವೆ. ರಬ್ಬರು ತೋಟಗಳಿವೆ. ಅಕೇಶಿಯಾವನ್ನು ಮತ್ತೆ ನೆಡಬೇಕೆಂದು ನಾವು ಹೇಳುವವರಲ್ಲ. ಅದರ ಕೆಳಗೆ ಹುಲ್ಲೂ ಸರಿಯಾಗಿ ಬೆಳೆಯದೆಂಬ ರೈತನ ಅನುಭವವನ್ನು ಅಲ್ಲಗಳೆಯಲು ಕಾರಣವಿಲ್ಲ. ಆದರೆ ಬೆಳೆದು ನಿಂತಿರುವುದನ್ನು ಕಡಿಯಲೇಬೇಕಾದಾಗ ಅದನ್ನು ಸುಡಬೇಕೆ? ಅಕೇಶಿಯಾದ ಚೇಗು ಗಟ್ಟಿಯಾದುದು, ಕೆಂಗಂದು ಬಣ್ಣದ್ದು, ಕೀಸುಳಿ ಹಿಡಿದರೆ ಒಳ್ಳೆಯ ಹೊಳಪನ್ನು ಕೊಡುವಂತಹದು. ಚೆನ್ನಾಗಿ ಒಣಗಿಸಿದರೆ ಮೇಜು, ಬಾಗಿಲು, ನೆಲಹಾಸಿನ ಹಲಗೆಗಳಿಗೆ ಯೋಗ್ಯವಾದುದು. ಅದನ್ನು ಹಂತ ಹಂತವಾಗಿ ಕಡಿದು ಒಳ್ಳೆಯ ಬೆಲೆಗೆ ಮಾರಿ, ಆ ಹಣದಿಂದಲೇ ಅದೇ ನೆಲದಲ್ಲಿ ಹೊನ್ನೆ, ಹೆಬ್ಬಲಸು, ಕಿರಾಲ್‌ಬೋಗಿ, ನಂದಿ ಮೊದಲಾದ ನಾಡಮರಗಳನ್ನು ಎಬ್ಬಿಸುವುದು ವಿವೇಕದ ದಾರಿ.

ರಬ್ಬರು ಮರದ ಕಥೆಯು ಇನ್ನೂ ಬೋಧಪ್ರದವಾದುದು. ಮಲೇಶಿಯಾದಲ್ಲಿ ಒಂದು ಕಾಲಕ್ಕೆ ಅದೂ ಸೌದೆಯೇ ಆಗಿತ್ತು. ಆ ಮರದಲ್ಲಿ ಪಿಷ್ಟವು ಹೆಚ್ಚಿರುವುದರಿಂದ, ಕೊಯ್ದ ಹಲಗೆಗೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿದು ಹುಳು ಬೀಳುತ್ತದೆ. ಹಸಿಯಿರುವಾಗಲೇ ಹಲಗೆಯನ್ನು ಕೊಳವೆಯಾಕಾರದ ತೊಟ್ಟಿಯಲ್ಲಿಟ್ಟು, ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಒತ್ತಡದಿಂದ ಒಳಗೆ ಹೊಗಿಸಿ, ಬಳಿಕ ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿದರೆ ಆ ದೋಷವು ನೀಗುವುದೆಂದು ಗೊತ್ತಾದ ಮೇಲೆ, ೧೯೮೦ರ ದಶಕದಲ್ಲಿ ಅದೇ ಮರವು ಆ ದೇಶದ ಪೀಠೋಪಕರಣ ರಫ್ತಿನ ಬೆನ್ನೆಲುಬಾಯಿತು. ಮರವು ಬದಲಾಗಲಿಲ್ಲ, ಅದರ ಮೇಲೆ ನಡೆದ ಕೆಲಸವು ಬದಲಾಯಿತು. ಬರ್ಮಾದ ಸರಕಾರವು ಕೂಡ ೨೦೧೪ರಲ್ಲಿ ದುಂಡು ದಿಮ್ಮಿಗಳ ರಫ್ತನ್ನು ನಿಷೇಧಿಸಿ, ಮರವು ಕೊಯ್ದ ಮೇಲೆಯೇ ದೇಶವನ್ನು ಬಿಡತಕ್ಕದ್ದೆಂದು ವಿಧಿಸಿತು.

ಪರದೇಶದ ಮಾದರಿಯೇ ಏಕೆ? ಕನ್ನಡ ನಾಡಿನಲ್ಲಿಯೇ ಇದಕ್ಕಿಂತ ಹಳೆಯದಾದ ಮೇಲ್ಪಂಕ್ತಿಯಿದೆ. ೧೯೧೪ರ ಮಹಾಯುದ್ಧದವರೆಗೆ ಮೈಸೂರಿನ ಶ್ರೀಗಂಧವು ಕೊರಡಾಗಿ ಹರಾಜಾಗಿ, ಅದರಲ್ಲಿ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರವು ನಿಂತಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರವೂ ದಿವಾನ್ ವಿಶ್ವೇಶ್ವರಯ್ಯನವರೂ ಕೊರಡಿಗೆ ಬೇರೆ ಗಿರಾಕಿಯನ್ನು ಹುಡುಕುತ್ತ ಕೂರಲಿಲ್ಲ. ಬೆಂಗಳೂರಿನ ವಿಜ್ಞಾನ ಮಂದಿರದ ಪಂಡಿತರ ನೆರವಿನಿಂದ ೧೯೧೬ರಲ್ಲಿ ಎಣ್ಣೆ ತೆಗೆಯುವ ಕೆಲಸವನ್ನು ಇಲ್ಲಿಯೇ ಆರಂಭಿಸಿದರು. ಎಣ್ಣೆಯಿಂದ ಸಾಬೂನು ಹುಟ್ಟಿತು. ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆಗೆ ಇದ್ದಿಲು ಸುಡುವಾಗ ಹೊರಡುವ ಹೊಗೆಯನ್ನೂ ಬಿಡದೆ ಹಿಡಿದು ಮದ್ಯಸಾರವನ್ನೂ ಡಾಂಬರನ್ನೂ ತೆಗೆದರು. ಚನ್ನಪಟ್ಟಣದವರು ಆಲೆಮರದ ಹಗುರವಾದ ತುಂಡನ್ನು ತಿರುಗಣೆಯಲ್ಲಿ ಕಡೆದು ಅರಗಿನ ಬಣ್ಣ ಹಿಡಿಸಿ ಗೊಂಬೆ ಮಾಡಿ ಕಡಲಾಚೆಗೂ ಕಳುಹಿಸುತ್ತಾರೆ. ಸಾಗರ ಸೊರಬಗಳ ಗುಡಿಗಾರರ ಕೈಯಲ್ಲಿ ಗೇಣುದ್ದದ ಗಂಧದ ತುಂಡು ಪಡೆಯುವ ಬೆಲೆಯು ನಮಗೆಲ್ಲರಿಗೂ ಗೊತ್ತಿರುವುದೇ. ದೊಡ್ಡ ಕಾರ್ಖಾನೆಯೇ ಉದ್ಧಾರದ ದಾರಿಯೆಂದು ನಂಬುವವರು ಭದ್ರಾವತಿಯ ಇನ್ನೊಂದು ಪಾಠವನ್ನೂ ನೆನೆಯಬೇಕು: ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯು ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಅದನ್ನು ನಂಬಿದ್ದ ಸಾವಿರಾರು ಕುಟುಂಬಗಳು ದಿಕ್ಕುಗೆಟ್ಟವು.

ಈಗ ಕಾರ್ಕಳದಲ್ಲಿ ಆಗಬೇಕಾದುದೇನು ಎಂಬುದಕ್ಕೆ ಬರೋಣ. ನಮ್ಮ ಬಡಗಿಯು ಸೋಲುವುದು ಉಳಿಯಲ್ಲಲ್ಲ, ಹಸಿಮರದಲ್ಲಿ. ನಮ್ಮ ಕರಾವಳಿಯ ಗಾಳಿಯು ತೇವದಿಂದ ಕೂಡಿದುದು. ಮಳೆಗಾಲದಲ್ಲಿ ಕೊಯ್ದ ಹಲಗೆಯು ತಿಂಗಳುಗಟ್ಟಲೆ ಒಣಗದು. ಅವಸರದಲ್ಲಿ ಅದರಿಂದಲೇ ಬಾಗಿಲನ್ನು ಮಾಡಿದರೆ ಬೇಸಗೆಯಲ್ಲಿ ಅದು ಸೊಟ್ಟಗಾಗುತ್ತದೆ, ಸೀಳು ಬಿಡುತ್ತದೆ. ಹಿಂದಿನವರು ದಿಮ್ಮಿಗಳನ್ನು ಕೆರೆಯಲ್ಲಿ ಮುಳುಗಿಸಿಟ್ಟು, ಅಟ್ಟದಲ್ಲಿ ವರ್ಷಗಟ್ಟಲೆ ಒಣಗಲು ಬಿಡುತ್ತಿದ್ದರು. ಇಂದಿನ ಗಿರಾಕಿಗೆ ಆ ತಾಳ್ಮೆಯಿಲ್ಲ, ಬಡಗಿಗೆ ಅಷ್ಟು ದಿನ ಹಣವನ್ನು ಕಟ್ಟಿಹಾಕುವ ಶಕ್ತಿಯಿಲ್ಲ. ಬಿಸಿಗಾಳಿಯ ಗೂಡಿನಲ್ಲಿ ಈ ಕೆಲಸವು ಕೆಲವು ವಾರಗಳಲ್ಲಿ ಮುಗಿದು, ಮರದ ತೇವವು ನೂರಕ್ಕೆ ಸುಮಾರು ಹನ್ನೆರಡರ ಮಟ್ಟಕ್ಕೆ ಇಳಿಯುತ್ತದೆ. ಅಂತಹ ಗೂಡನ್ನೂ ಔಷಧಿಯ ತೊಟ್ಟಿಯನ್ನೂ ಒಬ್ಬ ಬಡಗಿಯು ಕಟ್ಟಿಸಲಾರನು. ನೂರು ಬಡಗಿಗಳೂ ಮರ ಬೆಳೆಯುವವರೂ ಕೂಡಿದ ಒಂದು ಸಹಕಾರಿ ಸಂಘವು ಕಟ್ಟಿಸಬಲ್ಲುದು. ಗೂಡಿಗೆ ಬೇಕಾದ ಬಿಸಿಯನ್ನು ಮಿಲ್ಲಿನ ಹೊಟ್ಟಿನಿಂದಲೇ ಪಡೆಯಬಹುದು. ಒಂದು ದುಂಡುದಿಮ್ಮಿಯನ್ನು ಕೊಯ್ದಾಗ ಸುಮಾರು ಅರ್ಧಭಾಗವು ಸಿಪ್ಪೆ, ಹೊಟ್ಟು, ತುಂಡುಗಳಾಗಿ ಬೀಳುತ್ತದೆ. ತುಂಡುಗಳನ್ನು ಹಲ್ಲುಹಲ್ಲಾಗಿ ಕೂಡಿಸಿ ಅಂಟಿಸಿದರೆ ಅಗಲವಾದ ಹಲಗೆಯಾಗುತ್ತದೆ. ಇನ್ನೂ ಚಿಕ್ಕವು ಸೌಟು, ಆಟಿಕೆ, ಮಣೆಗಳಾಗುತ್ತವೆ. ಸುಡುವ ಸರದಿಯು ಕೊನೆಗೆ ಉಳಿದ ಹೊಟ್ಟಿಗೆ ಬರಲಿ, ಮರಕ್ಕಲ್ಲ.

ಸಹಕಾರದಿಂದ ಇದು ಸಾಧ್ಯವೇ ಎಂದು ಸಂದೇಹಿಸುವವರು ನಮ್ಮ ಜಿಲ್ಲೆಯ ಚರಿತ್ರೆಯನ್ನು ಓದಿಲ್ಲವೆನ್ನಬೇಕು. ಅಮ್ಮೆಂಬಳ ಸುಬ್ಬರಾವ್ ಪೈಗಳೂ ಹಾಜಿ ಅಬ್ದುಲ್ಲಾ ಸಾಹೇಬರೂ ೧೯೦೬ರಲ್ಲಿ ಬ್ಯಾಂಕುಗಳನ್ನು ಹುಟ್ಟಿಸಿದ ನೆಲವಿದು. ೧೯೭೩ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿದರು. ಕೊಕ್ಕೋ ಕಾಯಿಯನ್ನು ಕೊಳ್ಳುವವರಿಲ್ಲದೆ ರೈತನು ಕಂಗೆಟ್ಟಾಗ ಆ ಸಂಸ್ಥೆಯು ಅದನ್ನು ಕೊಂಡಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಏಕೀಕರಣದಲ್ಲಿ ನಮ್ಮಿಂದ ಅಗಲಿಸಲ್ಪಟ್ಟ ಕಾಸರಗೋಡಿನ ಬೆಳೆಗಾರರೂ ಮಂಗಳೂರಿನ ಬೆಳೆಗಾರರೂ ಆ ಸಂಸ್ಥೆಯಲ್ಲಿ ಒಟ್ಟಿಗೆ ಪಾಲುದಾರರಾಗಿರುವುದನ್ನು ಕಂಡು ನಾವು ಹಿಗ್ಗುತ್ತೇವೆ. ಕೊಕ್ಕೋ ಕಾಯಿಗೆ ಆದುದು ಹಲಸಿನ ಹಲಗೆಗೆ ಏಕಾಗಬಾರದು?

ಎರಡನೆಯದು, ವಿದ್ಯೆ. ಕಾರ್ಕಳದ ಮಿಯಾರಿನಲ್ಲಿರುವ ಸಿ. ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯು ಕಲ್ಲು, ಮರ, ಲೋಹಗಳ ಶಿಲ್ಪವನ್ನು ಯುವಕರಿಗೆ ಕಲಿಸುತ್ತ ಬಂದಿದೆ. ಬೆಂಗಳೂರಿನಲ್ಲಿ ಮರದ ವಿಜ್ಞಾನಕ್ಕಾಗಿಯೇ ಸ್ಥಾಪಿತವಾದ ಕೇಂದ್ರದ ಸಂಸ್ಥೆಯಿದೆ. ಇವೆರಡರ ನಡುವೆ ಘಟ್ಟವೊಂದೇ ಅಡ್ಡವಿರುವುದು. ಮರದ ತೇವ, ಅಂಟು, ಔಷಧಿಗಳ ವಿಷಯದಲ್ಲಿ ಅಲ್ಲಿಯ ಪಂಡಿತರಿಗೆ ತಿಳಿದಿರುವುದು ಕನ್ನಡದ ಚಿಕ್ಕ ಪುಸ್ತಕಗಳಾಗಿ ಇಲ್ಲಿಯ ಆಚಾರಿಯ ಕೈಗೆ ಬರಬೇಕು. ಇಂಗ್ಲೀಷಿನ ವರದಿಯಾಗಿ ಕಪಾಟಿನಲ್ಲಿ ಉಳಿದರೆ ಅದರಿಂದ ಒಂದು ಮಣೆಯೂ ಹುಟ್ಟದು. ಅಂತೆಯೇ ಈ ವಿದ್ಯೆಯು ಒಂದು ಜಾತಿಯ ಸೊತ್ತಾಗಿ ಉಳಿಯತಕ್ಕದ್ದಲ್ಲ. ಅದನ್ನು ಕಾಪಾಡಿಕೊಂಡು ಬಂದ ವಿಶ್ವಕರ್ಮರಿಗೆ ಗುರುಸ್ಥಾನವು ಸಲ್ಲಲಿ. ಶಿಷ್ಯರಾಗಿ ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲರೂ ಬರಲಿ.

ಮೂರನೆಯದು, ಕಾಯಿದೆ. ತನ್ನ ನೆಲದಲ್ಲಿ ಬೆಳೆದ ಮರದ ಮೇಲೆ ತನಗೆ ಹಕ್ಕಿಲ್ಲವೆಂದು ತಿಳಿದ ರೈತನು ಸಸಿಯನ್ನು ಕಂಡ ಕೂಡಲೇ ಕಿತ್ತೆಸೆಯುವನು. ಶ್ರೀಗಂಧದ ವಿಷಯದಲ್ಲಿ ಆದುದು ಇದೇ. ೨೦೦೧ರಲ್ಲಿ ಕರ್ನಾಟಕದ ಶಾಸನವು ತಿದ್ದುಪಡಿಯಾಗಿ ನೆಲದ ಒಡೆಯನೇ ಗಂಧದ ಮರದ ಒಡೆಯನೆಂದು ಸಾರಿದ ಮೇಲೆ ಜನರು ಗಂಧವನ್ನು ನೆಡತೊಡಗಿದರು. ೨೦೧೭ರಲ್ಲಿ ಕೇಂದ್ರ ಸರಕಾರವು ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರವೆಂಬ ವ್ಯಾಖ್ಯೆಯಿಂದ ಬಿಡಿಸಿತು. ಕಾಡುಮರದ ಕಳ್ಳಸಾಗಣೆಯನ್ನು ತಡೆಯಲು ೧೯೬೩ರ ಅರಣ್ಯ ಶಾಸನವೂ ೧೯೭೬ರ ಮರಗಳ ಸಂರಕ್ಷಣಾ ಶಾಸನವೂ ಇರಲೇಬೇಕು. ಆದರೆ ಹಿತ್ತಿಲಿನ ಹಲಸಿನ ಮರವನ್ನು ಕಡಿಯಲೂ ಸಾಗಿಸಲೂ ರೈತನು ಕಚೇರಿಯಿಂದ ಕಚೇರಿಗೆ ಅಲೆಯುವಂತಾದರೆ, ಮರವು ಬಡಗಿಯ ಬಾಗಿಲಿಗೆ ಬಾರದೆ ದಲಾಲಿಯ ಕೈಗೆ ಬೀಳುವುದು. ನೆಟ್ಟಾಗಲೇ ಗ್ರಾಮ ಪಂಚಾಯತಿಯ ಪುಸ್ತಕದಲ್ಲಿ ಬರೆಯಿಸಿಕೊಂಡ ಮರಕ್ಕೆ ಕಡಿಯುವಾಗ ಗೊತ್ತಾದ ಗಡುವಿನೊಳಗೆ ಪರವಾನಿಗೆಯು ದೊರೆಯತಕ್ಕದ್ದು. ಅದೇ ಬರಹವು ಈ ಮರವು ಕಾಡಿನದಲ್ಲವೆಂಬುದಕ್ಕೆ ಸಾಕ್ಷಿಪತ್ರವೂ ಆಗುವುದು. ೨೦೨೩ರಲ್ಲಿ ಯುರೋಪಿನ ಒಕ್ಕೂಟವು ಮರದ ಸಾಮಾನು ಯಾವ ನೆಲದಿಂದ ಬಂದುದೆಂಬುದಕ್ಕೆ ಪುರಾವೆ ಕೇಳುವ ಶಾಸನವನ್ನೇ ಅಂಗೀಕರಿಸಿತು. ಹುಟ್ಟನ್ನು ಹೇಳಬಲ್ಲ ಮರಕ್ಕೆ ಮುಂದೆ ಬೆಲೆಯು ಹೆಚ್ಚುವುದರಲ್ಲಿ ಸಂಶಯವಿಲ್ಲ.

ಕೊನೆಯದು, ಗಿರಾಕಿ. ಯಂತ್ರದಿಂದ ಬಂದ ಅಗ್ಗದ ಹೊಟ್ಟುಹಲಗೆಯ ಎದುರು ನಮ್ಮ ಬಡಗಿಯು ಬೆಲೆಯಲ್ಲಿ ಗೆಲ್ಲಲಾರನೆಂದು ಕೆಲವರು ಹೇಳುವರು. ಬೆಲೆಯನ್ನು ವರ್ಷಗಳಿಂದ ಭಾಗಿಸಿ ನೋಡಿರೆಂಬುದೇ ಅವರಿಗೆ ನಮ್ಮ ಉತ್ತರ. ಅಜ್ಜನ ಕಾಲದ ಹಲಸಿನ ಪೆಟ್ಟಿಗೆಯು ಮೊಮ್ಮಗನ ಮನೆಯಲ್ಲಿ ಇನ್ನೂ ಭತ್ತವನ್ನು ಕಾಯುತ್ತಿರುವುದು ಸುಳ್ಳಲ್ಲವಷ್ಟೆ. ಆದರೂ ಆರಂಭದ ವರ್ಷಗಳಲ್ಲಿ ಆಸರೆಯು ಬೇಕು. ಜಿಲ್ಲೆಯ ಶಾಲೆಗಳ ಬೆಂಚು, ಪಂಚಾಯತಿಗಳ ಮೇಜು, ದೇವಸ್ಥಾನ ಬಸದಿ ಇಗರ್ಜಿ ಮಸೀದಿಗಳ ಬಾಗಿಲು, ಮಣಿಪಾಲದ ವಿದ್ಯಾಲಯಗಳ ಮತ್ತು ಆಸ್ಪತ್ರೆಗಳ ಪೀಠೋಪಕರಣ ಇವುಗಳಲ್ಲಿ ಒಂದು ಪಾಲನ್ನಾದರೂ ಊರಿನ ಸಂಘದಿಂದಲೇ ಕೊಳ್ಳುವುದಾಗಿ ಅವುಗಳ ಮುಖಂಡರು ನಿಶ್ಚಯಿಸಬಾರದೆ? ಖಾದಿಯನ್ನು ಉಳಿಸಿದುದು ಭಾಷಣಗಳಲ್ಲ. ಒರಟಾಗಿದ್ದರೂ ನಮ್ಮದೆಂದು ಕೊಂಡು ಉಟ್ಟವರು.

ಇದರಲ್ಲಿ ಅಪಾಯವೂ ಇಲ್ಲದಿಲ್ಲ. ಮರದ ಬೆಲೆಯು ಏರಿದೊಡನೆ ಕಾಡಿನ ಮರಕ್ಕೂ ಕೊಡಲಿಯು ತಾಗಬಹುದು. ಆದಕಾರಣವೇ ಸಂಘವು ತನ್ನ ಗೂಡಿಗೆ ಬರುವ ಪ್ರತಿಯೊಂದು ದಿಮ್ಮಿಗೂ ಹುಟ್ಟಿದ ಹಿತ್ತಿಲನ್ನು ಹೇಳುವ ಗುರುತನ್ನು ಕಡ್ಡಾಯ ಮಾಡಬೇಕು. ಗುರುತಿಲ್ಲದ ದಿಮ್ಮಿಯನ್ನು ಒಳಗೆ ಬಿಡಕೂಡದು. ಈ ಒಂದು ಕಟ್ಟುಪಾಡನ್ನು ಸಡಿಲಿಸುವುದಾದರೆ ಉಳಿದುದನ್ನೆಲ್ಲ ಆರಂಭಿಸದಿರುವುದೇ ಲೇಸು.

ಕನ್ನಡ ನಾಡು ೧೯೫೬ರ ನವಂಬರ ೧ರಂದು ನಕ್ಷೆಯಲ್ಲಿ ಒಂದಾಯಿತು. ಮುಂಬಯಿಯ ಪಾಲಾಗಿದ್ದ ದಾಂಡೇಲಿ, ಮದರಾಸಿನ ಪಾಲಾಗಿದ್ದ ಕಾರ್ಕಳ, ಮೈಸೂರಿನ ಭದ್ರಾವತಿ ಚನ್ನಪಟ್ಟಣಗಳು, ಕೊಡಗಿನ ಬೆಟ್ಟಗಳು ಒಂದೇ ಆಡಳಿತದ ಕೆಳಗೆ ಬಂದವು. ಮರ ಬೆಳೆಯುವ ಮಲೆ, ಮರವನ್ನು ಅರಿತ ವಿಜ್ಞಾನ, ಮರವನ್ನು ಕೊರೆಯುವ ಕೈ, ಸಾಲ ಕೊಡುವ ಬ್ಯಾಂಕು, ಸಾಗಿಸುವ ಬಂದರು ಇವೆಲ್ಲವೂ ಇಂದು ಒಂದೇ ನಾಡಿನೊಳಗಿವೆ. ಏಕೀಕರಣಕ್ಕಾಗಿ ಹೋರಾಡಿದವರು ಬಯಸಿದುದು ಬರಿಯ ಗಡಿಗೆರೆಯನ್ನಲ್ಲ. ತುಳು, ಕೊಂಕಣಿ, ಕನ್ನಡ ಯಾವ ಮನೆಮಾತಿನವನೇ ಆಗಲಿ, ಈ ನೆಲದ ಮಗನು ಈ ನೆಲದ ಹುಟ್ಟುವಳಿಯಿಂದ ಮಾನವಾಗಿ ಬಾಳಬೇಕೆಂಬುದನ್ನು. ಕಾರ್ಕಳದ ಬಡಗಿಯ ಮಗನು ಮುಂಬಯಿಗೋ ಕೊಲ್ಲಿಯ ದೇಶಕ್ಕೋ ಹೋಗಿ ಪರರ ಮನೆಗೆ ಬಾಗಿಲನ್ನು ಜೋಡಿಸುತ್ತಿರುವಾಗ, ಅವನ ಊರಿನ ಮರವು ಬೇರೆಯವರ ಒಲೆಯಲ್ಲಿ ಉರಿಯುತ್ತಿದ್ದರೆ ಆ ಹೋರಾಟವು ಮುಗಿಯಿತೆಂದು ಹೇಗೆ ಹೇಳೋಣ?

ಸರಕಾರವು ಕಾಯಿದೆಯನ್ನು ಸರಳಗೊಳಿಸಲಿ. ಆದರೆ ಅದನ್ನು ಕಾಯುತ್ತ ಕೂರುವ ಅಗತ್ಯವಿಲ್ಲ. ಸಂಘವನ್ನು ಕಟ್ಟಲು ಯಾರ ಅಪ್ಪಣೆಯೂ ಬೇಡ. ಕಾರ್ಕಳ, ಹೆಬ್ರಿ, ಕಾಪು, ಉಡುಪಿಗಳ ಮರ ಬೆಳೆಗಾರರೂ ಆಚಾರಿಗಳೂ ಮಿಲ್ಲಿನವರೂ ಈ ಮಳೆಗಾಲವು ಬರುವುದರೊಳಗೆ ಒಂದೆಡೆ ಕೂಡಿ ಮೊದಲನೆಯ ಒಣಗೂಡಿಗೆ ಪಾಲು ಹಣವನ್ನು ಹಾಕಲೆಂದು ನಾವು ವಿನಂತಿಸುತ್ತೇವೆ. ಊರಿನ ಹಿರಿಯರೂ ಬ್ಯಾಂಕಿನವರೂ ಅವರ ಬೆನ್ನಿಗೆ ನಿಲ್ಲಲಿ. ವಾಚಕರಲ್ಲಿ ಮನೆ ಕಟ್ಟಿಸುವವರಿದ್ದರೆ, ಮುಂಬಾಗಿಲೊಂದನ್ನಾದರೂ ಊರಿನ ಮರದಿಂದ ಊರಿನ ಆಚಾರಿಯ ಕೈಯಿಂದಲೇ ಮಾಡಿಸುವ ಸಂಕಲ್ಪವನ್ನು ಮಾಡಲಿ.